ಕಂಪ್ಯೂಟರ್ ಹಿಂದೆ ಮೊಸರನ್ನ

ಹೊಸಬರು ಕೆಲಸಕ್ಕೆ ಸೇರಿದ ಕಡೆ ದಿನಕ್ಕೊಂದು ರಾಮಾಯಣ ಆಗದೇ ಇದ್ದರೆ, ಅವರು ಏನೂ ಕಲಿಯುತ್ತಿಲ್ಲ ಅಂತಲೇ ಅರ್ಥ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಮದರಾಸಿನ ಅಂಬತ್ತೂರಿನ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಹೊಸಬರಿಗೆ ಕೆಲಸ ಕಲಿಸುವುದೇ ನನ್ನ ಕೆಲಸವಾಗಿತ್ತು. ಸಾಫ್ಟ್‌ವೇರ್ ಎಂಜಿನಿಯರ್ ಅನ್ನುವ ಹೆಸರು ಇನ್ನೂ ನಮ್ಮ ಕಡೆ ಬಂದಿರಲಿಲ್ಲ. ನಾವೆಲ್ಲ ಬರೀ ಪ್ರೋಗ್ರಾಮರ್‌ಗಳು.

ಪ್ರೋಗ್ರಾಂ ಅಂದರೆ ಆಗ ರಟ್ಟಿನ ಕಾರ್ಡುಗಳ ಕಟ್ಟು. ಒಂದೊಂದು ಸಾಲು ಆಜ್ಞೆಗೆ ಒಂದೊಂದು ಕಾರ್ಡು, ಅದರ ತುಂಬ ತೂತು. ಕಟ್ಟನ್ನು ಯಂತ್ರದ ಬಾಯಿಗೆ ಇಟ್ಟರೆ ಅದು ಒಂದೊಂದೇ ಕಾರ್ಡು ಎಳೆದುಕೊಂಡು ಓದಿ, ಉತ್ತರವನ್ನು ಉದ್ದನೆಯ ಕಾಗದದ ಮೇಲೆ ಅಚ್ಚು ಹಾಕಿ ಕೊಡುತ್ತಿತ್ತು. ನಮ್ಮ ಮ್ಯಾನೇಜರ್ ತಮಿಳರು, ಹಣೆ ತುಂಬ ವಿಭೂತಿ, ಬಾಯಿ ತುಂಬ ಆತುರ. "ಸೇರಿದ ಮೇಲೆ ಬೇಗ ಕೈಗೆ ಬರಬೇಕಮ್ಮಾ" ಅನ್ನುವುದು ಅವರ ಮಂತ್ರ. ಪ್ರೊಬೇಶನ್ ಮುಗಿಯುವುದರೊಳಗೆ ಹೊಸಬರು ಒಂದು ಪ್ರೋಗ್ರಾಂ ತಾವೇ ಬರೆದು ಓಡಿಸಬೇಕು, ನಾನು ಅದನ್ನು ಬೆರಳಿನಲ್ಲೂ ಮುಟ್ಟಬಾರದು. ಓಡದಿದ್ದರೆ ಮನೆಗೆ ದಾರಿ.

ನನಗೋ ಕೋಪ ಮೂಗಿನ ತುದಿಯಲ್ಲಿ. ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ನಾನು ಮಕ್ಕಳನ್ನು ಗದರಿದರೆ ಪಕ್ಕದ ಮನೆ ಮಕ್ಕಳೂ ಓದಲು ಕೂರುತ್ತಿದ್ದವು. ಅಂಥವಳ ಕೈಗೆ ಆ ವರ್ಷ ಸಿಕ್ಕಿದ್ದು ನಮ್ಮ ಹೋಟೆಲ್ ಹುಡುಗ.

ಕುರ್ಚಿ ಕಾಯುತ್ತಿದೆ

ಹುಡುಗ ಉಡುಪಿ ಕಡೆಯವನು. ದೊಡ್ಡಪ್ಪ ಮದರಾಸಿನಲ್ಲೇ ಸಸ್ಯಾಹಾರಿ ಹೋಟೆಲ್ ನಡೆಸುತ್ತಿದ್ದರು, ಇವನು ಅದರ ಮಹಡಿಯಲ್ಲಿ ವಾಸ. ಗಣಿತದಲ್ಲಿ ಡಿಗ್ರಿ ಮಾಡಿದ್ದ. ಮೊದಲ ದಿನ ಕೇಳಿದೆ, "ಯಾಕಪ್ಪಾ ಈ ಕೆಲಸಕ್ಕೆ ಬಂದೆ?"

"ಹೋಟೆಲಿನಿಂದ ತಪ್ಪಿಸಿಕೊಳ್ಳಲಿಕ್ಕೆ ಮೇಡಂ."

ವಿಷಯ ಏನೆಂದರೆ, ಇಲ್ಲಿ ಕೆಲಸ ಖಾಯಂ ಆದರೆ ಸರಿ, ಇಲ್ಲದಿದ್ದರೆ ಬರುವ ವಿಜಯದಶಮಿಗೆ ಇವನನ್ನು ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಕೂರಿಸುವುದು ಅಂತ ದೊಡ್ಡಪ್ಪ ತೀರ್ಮಾನ ಮಾಡಿಬಿಟ್ಟಿದ್ದರು. ಕುರ್ಚಿಗೆ ಹೊಸ ದಿಂಬು ಕೂಡ ಹೊಲಿಸಿದ್ದರಂತೆ. "ಒಮ್ಮೆ ಕೂತರೆ ಮುಗಿಯಿತು ಮೇಡಂ. ದೊಡ್ಡಪ್ಪ ಕೂತು ಇವತ್ತಿನವರೆಗೆ ಎದ್ದಿಲ್ಲ" ಅಂದ. ಅವನ ಮುಖ ನೋಡಿ ನನಗೆ ನಿಜವಾಗಿ ಪಾಪ ಅನ್ನಿಸಿತು.

"ಹಾಗಾದರೆ ಗಮನ ಇಟ್ಟು ಕಲಿ. ನಾನು ಸ್ವಲ್ಪ ಬೈಯುತ್ತೇನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ" ಅಂದೆ.

"ಗೊತ್ತುಂಟು ಮೇಡಂ. ಹೊರಗೆ ಕೂತವರು ಮೊದಲೇ ಹೇಳಿದ್ದಾರೆ."

ಮೊಸರನ್ನ

ಅವನು ಸೇರಿದ್ದು ಮೇ ತಿಂಗಳಲ್ಲಿ. ಮದರಾಸಿನ ಮೇ ಅಂದರೆ ಬೆಳಗ್ಗೆ ಕಲಸಿ ತಂದ ಮೊಸರನ್ನ ಮಧ್ಯಾಹ್ನದ ಹೊತ್ತಿಗೆ ನಮ್ಮನ್ನೇ ತಿನ್ನುವಷ್ಟು ಹುಳಿ. ಇಡೀ ಕಾರ್ಖಾನೆಯಲ್ಲಿ ಏಸಿ ಇದ್ದದ್ದು ಕಂಪ್ಯೂಟರ್ ಕೋಣೆಗೆ ಮಾತ್ರ. ಮನುಷ್ಯರಿಗೆ ಫ್ಯಾನ್, ಯಂತ್ರಕ್ಕೆ ಊಟಿ. ಅದರೊಳಗೆ ನೀರಿನ ಲೋಟ ಕೂಡ ತೆಗೆದುಕೊಂಡು ಹೋಗುವ ಹಾಗಿರಲಿಲ್ಲ.

ಹುಡುಗನದು ಹೋಟೆಲಿನ ರಕ್ತ. ಊಟ ಕೆಡುವುದನ್ನು ನೋಡಿ ಸುಮ್ಮನಿರಲಾರ. ಒಂದು ಬೆಳಗ್ಗೆ ಯಾರಿಗೂ ಹೇಳದೆ ನಮ್ಮೆಲ್ಲರ ಟಿಫನ್ ಡಬ್ಬಿ ಎತ್ತಿಕೊಂಡು ಹೋಗಿ, ತಂಪಾಗಿರಲಿ ಅಂತ ಯಂತ್ರದ ಹಿಂದೆ ಸಾಲಾಗಿ ಜೋಡಿಸಿಟ್ಟ. ಕೋಣೆಯೆಲ್ಲ ತಣ್ಣಗಿದ್ದರೂ ಯಂತ್ರ ತನ್ನ ಹೊಟ್ಟೆಯೊಳಗಿನ ಬಿಸಿಗಾಳಿಯನ್ನೆಲ್ಲ ಹಿಂದಕ್ಕೇ ಊದುತ್ತದೆ ಅನ್ನುವುದು ಅವನಿಗೆ ಹೇಗೆ ಗೊತ್ತಾಗಬೇಕು?

ಹನ್ನೊಂದು ಗಂಟೆಯ ಹೊತ್ತಿಗೆ ಕೋಣೆಯಲ್ಲಿ ಏನೋ ವಾಸನೆ. ಯಂತ್ರದೊಳಗೆ ಯಾವುದೋ ವೈರು ಸುಡುತ್ತಿದೆ ಅಂತ ಮ್ಯಾನೇಜರ್ ಗಾಬರಿಯಾಗಿ ಯಂತ್ರ ನಿಲ್ಲಿಸಿಬಿಟ್ಟರು. ರಿಪೇರಿಯವರು ಬಂದರು, ಮುಂದಿನ ಬಾಗಿಲು ತೆಗೆದರು, ಪಕ್ಕದ ಬಾಗಿಲು ತೆಗೆದರು, ಟಾರ್ಚ್ ಹಿಡಿದು ಒಳಗೆಲ್ಲ ಇಣುಕಿದರು. ಕೊನೆಗೆ ಹಿಂದೆ ಹೋಗಿ ಡಬ್ಬಿಗಳ ಸಾಲನ್ನು ಕಂಡರು. ಆಮೇಲೆ ಒಂದು ಡಬ್ಬಿಯ ಮುಚ್ಚಳ ತೆಗೆದು ಮೂಸಿ ಗಂಭೀರವಾಗಿ ವರದಿ ಕೊಟ್ಟರು: "ಸಾರ್, ಯಂತ್ರ ಚೆನ್ನಾಗಿದೆ. ಮೊಸರನ್ನ ಮಾತ್ರ ಕೆಟ್ಟಿದೆ."

ಸಾಂಬಾರು

ಪ್ರೋಗ್ರಾಮಿನಲ್ಲಿ ಹೊಸಬರ ತಲೆಗೆ ಬೇಗ ಹೋಗದ ಸಂಗತಿ ಒಂದಿದೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡು ಅಂತ ಯಂತ್ರಕ್ಕೆ ಹೇಳಬೇಕು, ಜೊತೆಗೆ ಯಾವಾಗ ನಿಲ್ಲಿಸಬೇಕು ಅನ್ನುವುದನ್ನೂ ಹೇಳಬೇಕು. ಹುಡುಗನಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದೆ, ಬಾಣ ಎಳೆದೆ, ಸುತ್ತು ಹಾಕಿದೆ. ಅವನು ಕಣ್ಣು ಕಣ್ಣು ಬಿಟ್ಟ. ನನ್ನ ತಲೆ ಚಿಟ್ಟು ಹಿಡಿಯಿತು.

"ನೋಡಪ್ಪಾ, ನಿಮ್ಮ ಹೋಟೆಲನ್ನೇ ನೆನೆಸಿಕೋ. ಸಾಂಬಾರಿನ ಬಕೆಟ್ ಹಿಡಿದವನು ಏನು ಮಾಡುತ್ತಾನೆ? ಎಲೆಗೆ ಬಡಿಸುತ್ತಾನೆ, ಮತ್ತೆ ಬರುತ್ತಾನೆ, ಮತ್ತೆ ಬಡಿಸುತ್ತಾನೆ. ಅದೇ ಇದು."

"ಓಹೋ, ಇಷ್ಟೇಯಾ ಮೇಡಂ?" ಅಂತ ಅವನ ಮುಖ ಅರಳಿತು. ಅರಳಿದ ಮುಖ ನೋಡಿ ನನಗೂ ಹೆಮ್ಮೆಯಾಯಿತು. ಕಲಿಸುವುದು ಅಂದರೆ ಹೀಗೆ ಕಲಿಸಬೇಕು ಅಂದುಕೊಂಡು ಊಟಕ್ಕೆ ಹೋದೆ.

ಊಟ ಮುಗಿಸಿ ಬಂದರೆ ಕಂಪ್ಯೂಟರ್ ಕೋಣೆಯ ಬಾಗಿಲು ತೆಗೆಯಲಾಗುತ್ತಿಲ್ಲ. ತಳ್ಳಿ ಒಳಗೆ ಹೋದರೆ ನೆಲ ಕಾಣದಷ್ಟು ಕಾಗದ. ಅಚ್ಚಿನ ಯಂತ್ರ ಒಂದೇ ಸಾಲನ್ನು ಪುಟದ ಮೇಲೆ ಪುಟ ಕಕ್ಕುತ್ತಿದೆ, ನೋಡಿಕೊಳ್ಳಬೇಕಾದವರು ಕಾಫಿಗೆ ಹೋಗಿದ್ದಾರೆ, ಇವನು ಮೊಣಕಾಲುದ್ದ ಕಾಗದದ ನಡುವೆ ನಿಂತು ಭಕ್ತಿಯಿಂದ ನೋಡುತ್ತಿದ್ದಾನೆ.

ಯಂತ್ರ ನಿಲ್ಲಿಸಿ ಕೂಗಾಡಿದೆ. "ಎಲ್ಲಿ ನಿಲ್ಲಿಸಬೇಕು ಅಂತ ಯಾಕೆ ಬರೆದಿಲ್ಲ?"

ಹುಡುಗ ಕಾಗದ ಒಟ್ಟು ಮಾಡುತ್ತಲೇ ಹೇಳಿದ, "ನಮ್ಮಲ್ಲಿ ಸಾಂಬಾರು ನಿಲ್ಲಿಸುವ ಪದ್ಧತಿ ಇಲ್ಲ ಮೇಡಂ. ನಿಲ್ಲಿಸಿದರೆ ದೊಡ್ಡಪ್ಪ ಬೈತಾರೆ."

ರೋಸ್ಟ್

ಮಳೆ ಶುರುವಾದರೆ ನಮಗೆ ಇನ್ನೊಂದು ಗ್ರಹಚಾರ. ಕಾರ್ಡುಗಳು ಥಂಡಿ ಹಿಡಿದು ಉಬ್ಬಿ ಯಂತ್ರದ ಬಾಯಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಅಂಥ ಒಂದು ದಿನ ನಾನು ಯಾವುದೋ ತಲೆನೋವಿನಲ್ಲಿದ್ದೆ. ಹುಡುಗ ಬಂದು, "ಮೇಡಂ, ಕಾರ್ಡು ಥಂಡಿ ಹಿಡಿದಿದೆ, ಎಂತ ಮಾಡುವುದು?" ಅಂದ.

"ಒಣಗಿಸಪ್ಪಾ, ಅದನ್ನೂ ನಾನೇ ಹೇಳಬೇಕಾ?" ಅಂದುಬಿಟ್ಟೆ. ಬೀರುವಿನಲ್ಲಿ ಬಲ್ಬು ಹಾಕಿಟ್ಟಿದ್ದೆವು, ಅದರ ಹತ್ತಿರ ಇಟ್ಟರೆ ಒಂದು ಗಳಿಗೆಯಲ್ಲಿ ಒಣಗುತ್ತಿತ್ತು. ಅವನಿಗೆ ಬೀರು ಗೊತ್ತಿಲ್ಲ, ಕ್ಯಾಂಟೀನು ಚೆನ್ನಾಗಿ ಗೊತ್ತು. ಹೊರಗೆ ಬಿಸಿಲಿಲ್ಲ. ನೇರವಾಗಿ ಅಡಿಗೆಮನೆಗೆ ಹೋಗಿ ದೋಸೆ ಕಾವಲಿಯ ಮೇಲೆ ಕಾರ್ಡುಗಳನ್ನು ಹರಡಿಬಿಟ್ಟ. ಅಲ್ಲಿಯ ಅಡಿಗೆಯವರು ಅವನ ಊರಿನವರೇ, ಬೇಡ ಅನ್ನಲಿಲ್ಲ. ಉರಿ ಸಣ್ಣಗೆ ಮಾಡಿ, ಮಗುಚುವುದಕ್ಕೆ ಸಟ್ಟುಗವನ್ನೂ ಕೊಟ್ಟರಂತೆ.

ಅವನು ತಂದಿಟ್ಟ ಕಾರ್ಡುಗಳು ಹೊಂಬಣ್ಣಕ್ಕೆ ತಿರುಗಿ ಅಂಚು ಸುರುಟಿಕೊಂಡಿದ್ದವು. ಎಣ್ಣೆಯ ಪಸೆ ಬೇರೆ. ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಮ್ಯಾನೇಜರ್ ಬಂದರು. ಒಂದು ಕಾರ್ಡು ಎತ್ತಿ ತಿರುಗಿಸಿ ನೋಡಿದರು, ಮೂಗಿನ ಹತ್ತಿರ ಹಿಡಿದರು.

"ಎನ್ನಮ್ಮಾ ಇದು? ಚಟ್ನಿ ಎಲ್ಲಿ?"

ಅಲ್ಲಿಂದ ಹೊರಗೆ ಹೋಗಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆದರೆ ಸಂಜೆ ಮ್ಯಾನೇಜರ್ ಕರೆದು, "ಈ ಹುಡುಗ ನಮಗೆ ಆಗುವುದಿಲ್ಲಮ್ಮಾ. ದಸರಾವರೆಗೆ ನೋಡುತ್ತೇನೆ, ಅಷ್ಟೇ" ಅಂದಾಗ ನಗು ಹಾರಿಹೋಯಿತು. ಅಷ್ಟರಲ್ಲಿ ನನಗೆ ಅವನ ಮೇಲೆ ಮನೆಮಗನ ಹಾಗೆ ಪ್ರೀತಿ ಬಂದುಬಿಟ್ಟಿತ್ತು. ಎಷ್ಟು ಬೈದರೂ ಮರುದಿನ ಅದೇ ನಗುಮುಖದಲ್ಲಿ ಬಂದು ಕೂರುತ್ತಿದ್ದ. ಒಂದು ತಪ್ಪನ್ನು ಎರಡನೇ ಸಲ ಮಾಡಿದವನೂ ಅಲ್ಲ. ಪ್ರತಿಸಲವೂ ಹೊಸದೇ.

ವಿಜಯದಶಮಿ

ಮ್ಯಾನೇಜರ್ ಅವನಿಗೆ ಕೊಟ್ಟ ಪರೀಕ್ಷೆ ಇದು: ಬೆಳಗ್ಗೆ ಯಾವ ಯಾವ ವಿಭಾಗಕ್ಕೆ ಎಷ್ಟು ಜನ ಬಂದಿದ್ದಾರೆ ಅಂತ ನೋಡಿ, ಕ್ಯಾಂಟೀನಿನಲ್ಲಿ ಎಷ್ಟು ಊಟ ಮಾಡಬೇಕು ಅನ್ನುವುದನ್ನು ಯಂತ್ರ ಹೇಳಬೇಕು. ಹುಡುಗ ಊಟ ನಿದ್ದೆ ಬಿಟ್ಟು ಬರೆದ. ಕಾರ್ಡಿನ ಕಟ್ಟು ಸಿದ್ಧವಾದಾಗ ಆಯುಧಪೂಜೆ ಬಂತು. "ಯಂತ್ರದ ಮುಂದೆ ಇಡಪ್ಪಾ, ಪೂಜೆಯಾಗಲಿ. ನಾಳೆ ವಿಜಯದಶಮಿ ದಿನ ಮೊದಲ ಕೆಲಸ ನಿನ್ನದೇ" ಅಂದರು ಮ್ಯಾನೇಜರ್. ಹುಡುಗನ ಮುಖ ಬಿಳಿಚಿಕೊಂಡಿತು. ಓಡದಿದ್ದರೆ ಅದೇ ದಿನ ಮುಹೂರ್ತ ನೋಡಿ ದೊಡ್ಡಪ್ಪ ಅವನನ್ನು ದಿಂಬಿನ ಮೇಲೆ ಕೂರಿಸುವವರಿದ್ದರು.

ಪೂಜೆಯ ದಿನ ಯಂತ್ರಕ್ಕೆ ಹೂವಿನ ಹಾರ, ಬಾಳೆಕಂದು, ಪುರಿ, ಕಡಲೆ. ಮ್ಯಾನೇಜರ್ ತಾವೇ ಗಂಧ ಕುಂಕುಮ ಹಿಡಿದು ಪ್ರತಿಯೊಂದಕ್ಕೂ ಇಟ್ಟರು. ಪೂಜೆ ಮಾಡಿದ್ದನ್ನು ಮಾರನೆಯ ದಿನದವರೆಗೆ ಯಾರೂ ಮುಟ್ಟುವ ಹಾಗಿಲ್ಲ.

ಮಾರನೆಯ ಬೆಳಗ್ಗೆ ಕ್ಯಾಂಟೀನಿನವರು ಅಕ್ಕಿ ಅಳೆಯಲು ಕಾದು ನಿಂತಿದ್ದಾರೆ. ದೊಡ್ಡಪ್ಪ ಬಿಳಿ ಪಂಚೆ ಉಟ್ಟು, ಹುಡುಗನನ್ನು ಕರೆದುಕೊಂಡು ಹೋಗಲು ಟ್ಯಾಕ್ಸಿಯಲ್ಲೇ ಬಂದು ಕೋಣೆಯ ಗಾಜಿನ ಗೋಡೆಯ ಆಚೆ ನಿಂತಿದ್ದಾರೆ. ಹುಡುಗ ಅವತ್ತಿನ ಹಾಜರಿಯ ಕಾರ್ಡುಗಳನ್ನೂ ಸೇರಿಸಿ ಕಟ್ಟನ್ನು ಯಂತ್ರದ ಬಾಯಿಗಿಟ್ಟು ಗುಂಡಿ ಒತ್ತಿದ. ಟಕ್ ಅಂತ ಒಂದು ಶಬ್ದ, ಕೆಂಪು ದೀಪ, ಯಂತ್ರ ನಿಂತಿತು. ಮತ್ತೆ ಒತ್ತಿದ, ಮತ್ತೆ ಕೆಂಪು ದೀಪ.

"ನಾನು ಹೇಳಲಿಲ್ಲವಾಮ್ಮಾ?" ಅಂದರು ಮ್ಯಾನೇಜರ್.

ಹುಡುಗ ಕಟ್ಟನ್ನು ತೆಗೆದು ನೋಡಿದ. ಮ್ಯಾನೇಜರ್ ಹಿಂದಿನ ದಿನ ಭಕ್ತಿ ಹೆಚ್ಚಾಗಿ ಕಟ್ಟಿನ ಅಂಚಿಗೆ ಉದ್ದಕ್ಕೂ ಒದ್ದೆ ಗಂಧ ಬಳಿದಿದ್ದರು. ಏಸಿಯ ತಂಪಿಗೆ ಅದು ಪೂರ್ತಿ ಒಣಗಿರಲಿಲ್ಲ. ಕಾರ್ಡುಗಳೆಲ್ಲ ಪುಸ್ತಕದ ಹಾಗೆ ಅಂಟಿಕೊಂಡಿದ್ದವು. ಮ್ಯಾನೇಜರ್ ಒಮ್ಮೆ ಕಟ್ಟನ್ನು, ಒಮ್ಮೆ ತಮ್ಮ ಬೆರಳುಗಳನ್ನು ನೋಡಿಕೊಂಡರು.

ನನ್ನ ಕೈ ತುರಿಸುತ್ತಿತ್ತು, ಆದರೆ ನಾನು ಮುಟ್ಟುವ ಹಾಗಿಲ್ಲ. ಹುಡುಗ ಕಟ್ಟು ಹಿಡಿದುಕೊಂಡು ಯಂತ್ರದ ಹಿಂದೆ ಹೋಗಿ ಮರೆಯಾದ. "ಅಳುತ್ತಿದ್ದಾನಾ?" ಅಂತ ಮ್ಯಾನೇಜರ್ ಮೆಲ್ಲಗೆ ಕೇಳಿದರು. ಎಲ್ಲರೂ ಹೋಗಿ ಇಣುಕಿದೆವು. ಅವನು ಕುಕ್ಕುರುಗಾಲಿನಲ್ಲಿ ಕೂತು, ಒಂದೊಂದೇ ಕಾರ್ಡನ್ನು ಬಿಡಿಸಿ ಬಿಸಿಗಾಳಿಗೆ ಹಿಡಿದು, ಒಣಗಿದ ಗಂಧವನ್ನು ಉಗುರಿನಲ್ಲಿ ಉದುರಿಸುತ್ತಿದ್ದ. ಕಾರ್ಡುಗಳ ಕ್ರಮ ತಪ್ಪದ ಹಾಗೆ ಪಕ್ಕದಲ್ಲಿ ಜೋಡಿಸುತ್ತಿದ್ದ.

ಬಂದು ಮತ್ತೆ ಗುಂಡಿ ಒತ್ತಿದ. ಕಾರ್ಡುಗಳು ಸರಸರ ಒಳಗೆ ಹೋದವು. ಅಚ್ಚಿನ ಯಂತ್ರ ಶುರುವಾಯಿತು. ವಿಭಾಗಕ್ಕೊಂದು ಸಾಲು, ಕೊನೆಗೆ ಒಟ್ಟು ಊಟ. ನಾನು ಕೊನೆಯ ಸಾಲನ್ನೇ ನೋಡುತ್ತ ಕಾದೆ. ನಿಂತಿತು. ಯಂತ್ರ ನಿಂತದ್ದಕ್ಕೆ ಅಷ್ಟು ಸಂತೋಷಪಟ್ಟವಳು ಮದರಾಸಿನಲ್ಲಿ ನಾನೊಬ್ಬಳೇ ಇರಬೇಕು. ಕ್ಯಾಂಟೀನಿನವರು ಕಾಗದ ಹರಿದುಕೊಂಡು ಅಕ್ಕಿ ಅಳೆಯಲು ಓಡಿದರು.

"ಹಿಂದೆ ಬಿಸಿಗಾಳಿ ಬರುತ್ತದೆ ಅಂತ ನಿನಗೆ ಯಾರು ಕಲಿಸಿದರು?" ಅಂದರು ಮ್ಯಾನೇಜರ್.

"ಮೊಸರನ್ನ ಸಾರ್. ಕಾವಲಿಯಷ್ಟು ಬಿಸಿಯೂ ಇಲ್ಲ, ಹದವಾಗಿ ಉಂಟು."

ಮ್ಯಾನೇಜರ್ ಗಂಧದ ಬಟ್ಟಲನ್ನು ಮೇಜಿನ ಕೆಳಗೆ ಸರಿಸಿ, "ಖಾಯಂ ಮಾಡಿಬಿಡೋಣಮ್ಮಾ" ಅಂದರು. ನನಗೆ ಕಣ್ಣಲ್ಲಿ ನೀರು ಬಂತು. ಹುಡುಗನಿಗೆ ಕಾಣಬಾರದು ಅಂತ, "ಮೊದಲು ಹೋಗಿ ಕೈ ತೊಳೆದುಕೋ" ಅಂತ ಗದರಿದೆ.

ಹೊರಗೆ ದೊಡ್ಡಪ್ಪನಿಗೆ ಸುದ್ದಿ ಹೇಳಿದೆ. ಅವರು ಸಂತೋಷವೂ ಪಡದೆ ದುಃಖವೂ ಪಡದೆ ನನ್ನನ್ನೇ ನೋಡಿದರು.

"ಇವನಿಗೆ ದಿನಾ ಬೈದು ಕೆಲಸ ಕಲಿಸಿದ್ದು ನೀವೆಯಾ ಅಮ್ಮ?"

"ಹೌದು."

"ಹಾಗಾದರೆ ಆ ಕುರ್ಚಿಗೆ ನೀವೇ ಬನ್ನಿ ಮಾರಾಯ್ರೆ. ಮುಹೂರ್ತ ಮೀರ್ತಾ ಉಂಟು, ಟ್ಯಾಕ್ಸಿಯೂ ಉಂಟು."

ಮ್ಯಾನೇಜರ್ ಹಿಂದಿನಿಂದ, "ಕರೆದುಕೊಂಡು ಹೋಗಿ, ಇಲ್ಲಿ ಸ್ವಲ್ಪ ಶಾಂತಿ ಇರುತ್ತದೆ" ಅಂದರು. ನಾನೂ ಬಿಡಲಿಲ್ಲ. "ಬಂದರೆ ಕಾಫಿ ಎಷ್ಟು ಬೇಕಾದರೂ ಕೊಡುತ್ತೀರಾ?"

ದೊಡ್ಡಪ್ಪ ಬೆಚ್ಚಿಬಿದ್ದರು. "ಅದು ಹೇಗಾಗ್ತದೆ? ಕಾಫಿ ಒಂದೇ. ಎರಡನೆಯದಕ್ಕೆ ದುಡ್ಡು."

ನಾನು ಕೈ ತೊಳೆದು ಬಂದು ನಿಂತಿದ್ದ ಹುಡುಗನ ಕಡೆ ತಿರುಗಿದೆ. ಮೊಣಕಾಲುದ್ದ ಕಾಗದ ನನ್ನ ಕಣ್ಣ ಮುಂದೆ ಬಂತು. "ನಿಲ್ಲಿಸುವುದು ನಿಮ್ಮ ಹೋಟೆಲಿನಲ್ಲೂ ಇದೆಯಲ್ಲೋ. ಅವತ್ತು ಯಾಕೆ ಹೇಳಲಿಲ್ಲ?"

"ನೀವು ಕೇಳಿದ್ದು ಸಾಂಬಾರು ಅಲ್ಲವಾ ಮೇಡಂ?" ಅಂದ.