ಮಾವನ ವಿಜ್ಞಾನವೂ ಹಾರುವ ಹಲಗೆಯೂ

ನನ್ನ ಸೋದರಮಾವನ ಮಾತು ಕೇಳಿ ಈವರೆಗೆ ಯಾರೂ ಸತ್ತಿಲ್ಲ. ಇಷ್ಟನ್ನು ಆಣೆ ಮಾಡಿ ಹೇಳಬಲ್ಲೆ, ಮಿಕ್ಕದ್ದನ್ನು ಕೇಳಬೇಡಿ! ಅಂಕೋಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದ ಮಾಸ್ತರರು ಅವರು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ತಪ್ಪು ಒಪ್ಪಿಕೊಂಡವರಲ್ಲ. ಪ್ರಯೋಗ ಕೆಟ್ಟರೆ ತಪ್ಪು ಉಪಕರಣದ್ದು.

ಕಳೆದ ರಜೆಯಲ್ಲಿ ಅವರು ಶಿರವಾಡದ ನಮ್ಮ ಮನೆಗೆ ಬಂದಾಗ ನನ್ನ ಹತ್ತು ವರ್ಷದ ಮಗಳು ಅಂಗಳದಲ್ಲಿ ಸ್ಕೇಟ್‌ಬೋರ್ಡ್ ಜೊತೆ ಗುದ್ದಾಡುತ್ತಿದ್ದಳು. ಕೈಯಲ್ಲಿ ಹಿಡಿಯದೆ, ಹಲಗೆಸಮೇತ ನೆಲ ಬಿಟ್ಟು ಹಾರಬೇಕಂತೆ. ಅದಕ್ಕೆ ‘ಆಲೀ’ ಎಂದು ಹೆಸರಂತೆ.

“ಹಲಗೆ ಕಾಲಿಗೆ ಅಂಟ್ಕಂಡು ಬರೂದು ಹೆಂಗೆ ಅಜ್ಜಾ?”

“ಸನ್ನೆಕೋಲು ಮಗಾ! ಹಲಗೆ ಬಾಲಕ್ಕೆ ಒದ್ರೆ ಮೂತಿ ಏಳ್ತದೆ. ತೋರಿಸ್ತೆ ನೋಡು!”

ಮಾವ ಊಟದ ಮಣೆಯನ್ನು ಒರಳಿನ ಗುಂಡುಕಲ್ಲಿನ ಮೇಲಿಟ್ಟರು. ಒಂದು ತುದಿಗೆ ಸವಾರನ ಬದಲು ಆಗಷ್ಟೇ ಕೊಂಡ ಬಂಗಡೆ. ಇನ್ನೊಂದು ತುದಿಗೆ ಮಾವನ ಕಾಲು. ಧಡ್! ಮೀನು ಹೋಗಿ ಮಾಡಿನ ಹಂಚಿನ ಮೇಲೆ ಕೂತಿತು.

ಮರುದಿನ ಹಾರವಾಡದ ಮೀನಿನಾಕೆ ಬುಟ್ಟಿ ಇಳಿಸುತ್ತ ಕೇಳಿದಳು: “ನಿನ್ನೆ ಬಂಗಡೆ ಹೆಂಗಿತ್ತು ಮಾಸ್ತರ್ರೇ?”

“ಚೊಲೋ ಹಾರ್ತು!”

ಆಕೆ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿ ಮೀನು ಆರಿಸಿದೆ.

ಎರಡನೆಯ ಸಂಶೋಧನೆ ಇನ್ನೂ ಘನವಾದದ್ದು. ಹಲಗೆಯ ಮೇಲೆ ಮರಳುಕಾಗದದಂಥ ಒರಟು ಹಾಳೆ ಅಂಟಿಸಿರುತ್ತಾರೆ. ‘ಘರ್ಷಣೆಯೇ ಚಲನೆಯ ಶತ್ರು’ ಎಂದು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದವರು ಅದನ್ನು ಸಹಿಸಿಯಾರೇ? ಕಿತ್ತೆಸೆದರು. ದೋಸೆಕಾವಲಿಗೆ ಸವರಿದ ಹಾಗೆ ತೆಂಗಿನೆಣ್ಣೆ ಸವರಿದರು! ಮಗಳು ಹತ್ತಿ ಒದ್ದಳು. ಹಲಗೆ ಗೇಟಿನ ಕಡೆ ಹೋಯಿತು, ಮಗಳು ಬಾವಿಕಟ್ಟೆಯ ಕಡೆ ಹೋದಳು. ಮೊಣಕೈ ಸುಲಿಯಿತು. “ನಂಗೆ ಬ್ಯಾಡ ಇದು,” ಎಂದವಳು ಮೂರು ದಿನ ಹಲಗೆ ಮುಟ್ಟಲಿಲ್ಲ. ಅಜ್ಜನ ಪಕ್ಕ ಉಣ್ಣಲೂ ಕೂರಲಿಲ್ಲ.

ಮಾವನಿಗೂ ಊಟ ಸೇರಲಿಲ್ಲ. ರಾತ್ರಿಯೆಲ್ಲ ನನ್ನ ಫೋನಿನಲ್ಲಿ ಆಲೀ ಹಾರುವವರ ವಿಡಿಯೊ ನೋಡಿದರು. ನಾಲ್ಕನೆಯ ದಿನ ಹಲಗೆಯ ಎಣ್ಣೆಯನ್ನು ಸೀಗೆಪುಡಿಯಿಂದ ತಿಕ್ಕಿ ತೆಗೆದು, ಪೇಟೆಯಿಂದ ಮರಳುಕಾಗದ ತಂದು ಅಂಟಿಸಿದರು. ಆಮೇಲೆ ಅವಳೆದುರು ಬಂದು ನಿಂತರು.

“ತಪ್ಪು ನಂದು ಮಗಾ. ಬಾಲಕ್ಕೆ ಒದ್ದ ಮೇಲೆ ಮುಂದಿನ ಕಾಲು ಹಲಗೆನ ಉಜ್ಜಿ ಮೇಲೆ ಎಳ್ಕಂಡು ಹೋಗ್ಬೇಕು. ಘರ್ಷಣೆ ಇಲ್ದೆ ಅದು ಬರೂದೇ ಇಲ್ಲ. ನಂಗೆ ಗೊತ್ತಿರ್ಲಿಲ್ಲ.”

ನನ್ನ ಕಿವಿಯನ್ನು ನಾನೇ ನಂಬಲಿಲ್ಲ!

ಮಗಳು ಹೆದರುತ್ತಲೇ ಹತ್ತಿದಳು. ಬಾಲಕ್ಕೆ ಒದ್ದಳು, ಕಾಲು ಉಜ್ಜಿದಳು. ಹಲಗೆ ನೆಲ ಬಿಟ್ಟಿತು. ಎರಡೇ ಬೆರಳು, ಆದರೂ ಬಿಟ್ಟಿತು!

“ಅಜ್ಜಾ, ಎಷ್ಟು ಎತ್ತರ?”

ಅಳೆಯಲೆಂದೇ ಟೇಪು ಹಿಡಿದು ನಿಂತಿದ್ದ ಮಾವ ಹಲಗೆಯನ್ನು ನೋಡಿಯೇ ಇರಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ತುಟಿ ಅಲುಗಿಸುತ್ತಿದ್ದರು. ಯಾವ ದೇವರಿಗೂ ಕೈ ಮುಗಿಯದ ಮನುಷ್ಯ!

ಮಗಳು ಹಲಗೆಯಿಂದಿಳಿದು ಅವರ ಕೈ ಹಿಡಿದಳು.

“ನಾನು ಬಿದ್ದಿಲ್ಲ ಅಜ್ಜಾ. ಇನ್ನೊಂದ್ಸಲ ಹಾರ್ತೆ, ಕಣ್ ಬಿಡು.”