ಕೆಳಗಿನ ಮೆಟ್ಟಿಲಿನ ಖಾಲಿ ಗೂಡು

"ಈ ಸಲ ಮೊದಲ ಬಹುಮಾನ ನಮ್ಮನೆಗೆ ಬರದಿದ್ರೆ ನಾನು ಪ್ರಾಣಿಶಾಸ್ತ್ರ ಓದಿದ್ದೇ ಸುಳ್ಳು!" ಎಂದು ಚಂದ್ರಶೇಖರಯ್ಯನವರು ಮಹಾಲಯ ಅಮಾವಾಸ್ಯೆಯ ದಿನ ಬಸವನಗುಡಿಯ ತಮ್ಮ ಹಜಾರದಲ್ಲಿ ನಿಂತು ಘೋಷಿಸಿದರು. ಕೇಳಿಸಿಕೊಂಡದ್ದು ಹೆಂಡತಿ ವಿಶಾಲಮ್ಮ ಮತ್ತು ಇನ್ನೂ ಪೆಟ್ಟಿಗೆಯೊಳಗಿದ್ದ ನೂರಿಪ್ಪತ್ತು ಗೊಂಬೆಗಳು.

ಬೀದಿಯ ಮಹಿಳಾ ಸಂಘದ ದಸರಾ ಗೊಂಬೆ ಸ್ಪರ್ಧೆಯಲ್ಲಿ ವಿಶಾಲಮ್ಮನವರಿಗೆ ಆರು ವರ್ಷದಿಂದ ಎರಡನೇ ಬಹುಮಾನ. ಅಂದರೆ ಆರು ಸ್ಟೀಲ್ ಡಬ್ಬಿ! ಮೊದಲ ಬಹುಮಾನದ ಬೆಳ್ಳಿ ಕುಂಕುಮದ ಬಟ್ಟಲು ಪ್ರತಿ ಸಲ ಎದುರುಮನೆಗೆ. ಕಾರಣ ಒಂದೇ: "ಹೊಸತನ ಸಾಲದು." ಬೇರೆ ದಾರಿಯಿಲ್ಲದೆ ಈ ವರ್ಷ ಕೆಳಗಿನ ಮೆಟ್ಟಿಲನ್ನು ನಿವೃತ್ತ ಉಪನ್ಯಾಸಕ ಗಂಡನಿಗೆ ಬಿಟ್ಟುಕೊಟ್ಟಿದ್ದರು.

"ಏನು ಬೇಕಾದ್ರೂ ಇಡಿ. ಜೀವ ಇರೋದು ಮಾತ್ರ ಒಂದೂ ಇರಬಾರ್ದು, ಈಗ್ಲೇ ಹೇಳ್ಬಿಟ್ಟಿದೀನಿ."

"ನಾನೇನು ಮಗೂನಾ?"

"ಹೋದ್ವರ್ಷ ನನ್ನ ಕರಿಬೇವಿನ ಗಿಡದಲ್ಲಿ ಹುಳ ಸಾಕಿದ್ದು ಯಾರು?"

"ಅದು ಚಿಟ್ಟೆ ಕಣೇ!"

"ಆಮೇಲೆ ಚಿಟ್ಟೆ. ನಾನು ಒಗ್ಗರಣೆ ಹಾಕೋ ಹೊತ್ತಿಗೆ ಹುಳಾನೇ."

ಕೆಳಗಿನ ಮೆಟ್ಟಿಲಿನ ಮೇಲೆ ಕೀಟಲೋಕ ಅವತರಿಸಿತು. ಮಣ್ಣಿನ ದುಂಬಿಗಳು, ಕಾಗದದ ಏರೋಪ್ಲೇನ್ ಚಿಟ್ಟೆ, ಎಲ್ಲಕ್ಕೂ ಮುತ್ತಿನಂಥ ಅಕ್ಷರದ ಚೀಟಿ. "ಹಕ್ಕಿಗಳಿಗಿಂತ ಹದಿನೈದು ಕೋಟಿ ವರ್ಷ ಮೊದಲೇ ಹಾರಿದವರು ಇವರು!" ಕೊನೆಗೆ, ಕೃಷ್ಣರಾವ್ ಪಾರ್ಕಿನಲ್ಲಿ ಸಿಕ್ಕ ಒಂದು ಕಡ್ಡಿ, ಅದಕ್ಕೆ ಅಂಟಿದ್ದ, ಒಣಗಿದ ನೊರೆಯಂಥ ಉಂಡೆ.

"ಇದ್ರೊಳಗೆ ಏನಿದೆ?" ವಿಶಾಲಮ್ಮ ಹುಬ್ಬು ಗಂಟಿಕ್ಕಿದರು.

ಚಂದ್ರಶೇಖರಯ್ಯನವರು ಕನ್ನಡಕವನ್ನೂ ಹಾಕದೆ ಅಂಗೈಯಲ್ಲಿ ತೂಗಿ ನೋಡಿದರು. "ಸೂರ್ಯನ ಕುದುರೆ ಅನ್ನೋ ಕೀಟ ಮೊಟ್ಟೆಯಿಟ್ಟ ಗೂಡು. ಮರಿಗಳು ಎಂದೋ ಹೋಗಿವೆ." ಚೀಟಿಯಲ್ಲಿ "ಖಾಲಿ ಗೂಡು" ಎಂದು ಬರೆದರು. ಉತ್ತರಪತ್ರಿಕೆಯಲ್ಲಿ ಒಂದು ಪದ ತಪ್ಪಿದರೂ ಅರ್ಧ ಅಂಕ ಕತ್ತರಿಸುತ್ತಿದ್ದ ಕೈ ಅದು! ಗೂಡು ಎದ್ದು ಕಾಣಲೆಂದು ಹಳೇ ಸೀರಿಯಲ್ ಸೆಟ್ಟಿನ ಬಿಸಿ ಬಲ್ಬುಗಳನ್ನು ಅದರ ಸುತ್ತಲೇ ಸುತ್ತಿದರು. ಆರು ದಿನ ಭರ್ಜರಿ ಕಾವು.

ಸಂಜೆ ಅರಿಶಿನ ಕುಂಕುಮದ ಗದ್ದಲವೆಂದು ಸಂಘದ ಅಧ್ಯಕ್ಷೆ ಪಾರ್ವತಮ್ಮ ಆರನೇ ದಿನ ಬೆಳಿಗ್ಗೆಯೇ ತೀರ್ಪಿಗೆ ಬಂದರು. ಉಸಲಿಯ ತಟ್ಟೆ ಹಿಡಿದಿದ್ದ ವಿಶಾಲಮ್ಮ ಗಂಡನ ಕಿವಿಯಲ್ಲಿ ಉಸುರಿದರು: "ರೀ! ಪಟ್ಟದ ಗೊಂಬೆ ಮೇಲೆ ಏನೋ ಹರಿದಾಡ್ತಿದೆ!"

ಈಗ ಕನ್ನಡಕ ಬಂತು. ಉಂಡೆಯಿಂದ ಮರಿಗಳು ಸಾಲುಸಾಲಾಗಿ ಹೊರಟು ಒಂಬತ್ತೂ ಮೆಟ್ಟಿಲು ಹತ್ತಿದ್ದವು! ಉಪನ್ಯಾಸಕನ ಎದೆ ಹಿಗ್ಗಿತು. ಗಂಡನ ಎದೆ ಧಸಕ್ಕೆಂದಿತು.

ಪಾರ್ವತಮ್ಮ ಬಗ್ಗಿ ನೋಡಿದರು. "ಅಯ್ಯೋ ಶಿವನೇ! ಇಷ್ಟೂ ಕೈ ಮುಗ್ಕೊಂಡು ನಿಂತಿವೆಯಲ್ರೀ!"

ನಿಜ. ಶೆಟ್ಟರ ಗೊಂಬೆಯ ಬೋಳುತಲೆಯ ಮೇಲೂ ಒಂದು, ಮುಂಗಾಲು ಮಡಚಿಕೊಂಡು.

"ಅದು ಕೈ ಮುಗಿಯೋದಲ್ಲ ಮೇಡಂ, ಬೇಟೆಗೆ ಹೊಂಚು. ಹಸಿವಾದ್ರೆ ಒಡಹುಟ್ಟಿದವರನ್ನೂ ಬಿಡಲ್ಲ. ವಂಶದಲ್ಲಿ ಜಿರಲೆಗೆ..."

ವಿಶಾಲಮ್ಮ ಅವರ ಕಾಲು ತುಳಿದರು. "ನಮ್ಮೆಜಮಾನ್ರಿಗೆ ತಮಾಷೆ ಜಾಸ್ತಿ. ದೇವಿ ಮುಂದೆ ಜೀವಂತ ಭಕ್ತರೇ ಇರಲಿ ಅಂತ ನಾನೇ ಹೇಳಿದ್ದೆ."

"ಹೊಸತನ ಅಂದ್ರೆ ಇದು!" ಎಂದರು ಪಾರ್ವತಮ್ಮ. ಬೆಳ್ಳಿ ಬಟ್ಟಲು ಬೀದಿ ದಾಟಿ ಈಚೆ ಬಂತು.

ಮಧ್ಯಾಹ್ನವೆಲ್ಲ ಚಂದ್ರಶೇಖರಯ್ಯನವರು ಬಣ್ಣದ ಕುಂಚದಿಂದ ಮರಿಗಳನ್ನು ಒಂದೊಂದಾಗಿ ಎತ್ತಿ ಕರಿಬೇವಿನ ಗಿಡಕ್ಕೆ ಸಾಗಿಸಿದರು. ಒಟ್ಟು ನೂರರವತ್ತೆರಡು. ಬೆನ್ನು ಹಿಡಿದುಕೊಂಡು ಒಳಗೆ ಬಂದರೆ ಅವರ ಚೀಟಿಯಲ್ಲಿ "ಖಾಲಿ"ಯ ಸುತ್ತ ಕುಂಕುಮದಷ್ಟೇ ಕೆಂಪಗೆ ಒಂದು ಗೆರೆ. ಕೆಳಗೆ ವಿಶಾಲಮ್ಮನವರ ಅಕ್ಷರ:

"ಕನ್ನಡಕ ಹಾಕದೆ ಬರೆದದ್ದು. ಅರ್ಧ ಅಂಕ ಕಡಿತ."