ಬಾಲ ಕಳೆದುಕೊಂಡ ನವಿಲು

ಈ ಸಲದ ಕ್ರಿಸ್‌ಮಸ್‌ಗೆ ಬ್ರಾಕ್ಸ್‌ಲಿ ಬಂಗಲೆಯ ಅಲಂಕಾರಕ್ಕೆ ಬೇಕಾದ ಹಸಿರು ಸೊಪ್ಪನ್ನೆಲ್ಲ ನಾನೊಬ್ಬನೇ ಒದಗಿಸುತ್ತೇನೆ ಎಂದು ಸ್ವಯಂಸೇವಕರ ಸಭೆಯಲ್ಲಿ ಎದ್ದು ನಿಂತು ಸಾರಿದವನು ನಾನು. ಯಾರೂ ಕೇಳಿರಲಿಲ್ಲ. ಹೆಂಡತಿ ಗ್ಲೆನಿಸ್ ಪಕ್ಕದಲ್ಲೇ ಕೂತು ನನ್ನ ಕೋಟಿನ ತುದಿ ಹಿಡಿದು ಎಳೆದಳು. ಆಗಲೇ ಕೂತುಬಿಟ್ಟಿದ್ದರೆ ಈಗ ಹೇಳಲು ಏನೂ ಇರುತ್ತಿರಲಿಲ್ಲ.

ಬ್ರಾಕ್ಸ್‌ಲಿ ನಮ್ಮ ಊರಿನ ಹಳೆಯ ಜಮೀನ್ದಾರರ ಮನೆ. ವಂಶ ಮುಗಿದ ಮೇಲೆ ಒಂದು ಟ್ರಸ್ಟ್ ಅದನ್ನು ನೋಡಿಕೊಳ್ಳುತ್ತಿದೆ. ಡಿಸೆಂಬರ್ ಬಂತೆಂದರೆ ಹಜಾರದಲ್ಲಿ ದೊಡ್ಡ ಮರ ನಿಲ್ಲಿಸಿ, ಅಡುಗೆಮನೆಯ ಹಳೇ ಒಲೆ ಹಚ್ಚಿ, ಬಂದವರಿಗೆ ಒಣಹಣ್ಣಿನ ಹೂರಣ ತುಂಬಿದ ಬಿಸಿಬಿಸಿ ಮಿನ್ಸ್ ಪೈ ಕೊಡುತ್ತೇವೆ. ತೋಟದ ಗಾಜಿನ ಮನೆಯಲ್ಲಿ ಗ್ಲೆನಿಸ್ ಊರ ಹೆಂಗಸರಿಗೆಲ್ಲ ಬಾಗಿಲಿಗೆ ತೂಗುವ ದುಂಡು ಹಸಿರು ಹಾರ ಕಟ್ಟುವುದನ್ನು ಹೇಳಿಕೊಡುತ್ತಾಳೆ. ನಾನು ಬಸ್ಸು ಓಡಿಸಿ ನಿವೃತ್ತನಾದವನು. ಇಡೀ ದಿನ ಮನೆಯಲ್ಲಿ ಕೂತು ಅವಳ ಅಡುಗೆಗೆ ದಾರಿ ತೋರಿಸಲು ಶುರುಮಾಡಿದಾಗ ಅವಳೇ ನನ್ನ ಹೆಸರನ್ನೂ ಇಲ್ಲಿ ಬರೆಸಿದಳು.

ತೋಟದ ಹಿರಿಯ ಮಾಲಿ ಹಿಲರಿ ಪ್ಲಮ್ಲಿ. ಅಗತ್ಯಕ್ಕಿಂತ ಒಂದು ಮಾತು ಹೆಚ್ಚು ಆಡದ ಹೆಂಗಸು. ಕೊಳದ ಆಚೆ ಇರುವ, ಚಳಿಗಾಲದಲ್ಲೂ ಹಸಿರಾಗಿರುವ ಯೂ ಗಿಡದ ಬೇಲಿಯಲ್ಲಿ ಹೊರಮಗ್ಗುಲನ್ನು ಎಷ್ಟು ಬೇಕಾದರೂ ಕತ್ತರಿಸಿಕೊಳ್ಳಿ, ಬೇರೆ ಕಡೆ ಕೈ ಹಾಕಬೇಡಿ ಎಂದು ಹೇಳಿದರು. ಬೆಳಗ್ಗೆ ಬಂದು ತೋರಿಸಲೇ ಎಂದೂ ಕೇಳಿದರು. ಮಂಜಿನಲ್ಲಿ ಬೆಟ್ಟದ ದಾರಿಯಲ್ಲಿ ಬಸ್ಸು ಓಡಿಸಿದವನಿಗೆ ಒಂದು ಬೇಲಿ ತೋರಿಸಬೇಕೇ ಎಂದು ನಾನು ನಕ್ಕುಬಿಟ್ಟೆ.

ಮಂಜು ನನ್ನ ನಗೆಯನ್ನು ಕೇಳಿಸಿಕೊಂಡಿರಬೇಕು. ಮಾರನೆಯ ಬೆಳಗ್ಗೆ ತಳ್ಳುಗಾಡಿಯ ಮುಂದಿನ ಚಕ್ರವೇ ನನಗೆ ಕಾಣುತ್ತಿರಲಿಲ್ಲ. ಕೊಳವನ್ನು ಬಳಸಿಕೊಂಡು ಹೋದೆ. ಕೊಳ ದುಂಡಗಿದೆ, ಎಲ್ಲಿ ಸುತ್ತು ಬಿಡಬೇಕೆಂದು ತಿಳಿಯಲಿಲ್ಲ. ಕೊನೆಗೆ ಕೈಗೆ ಯೂ ಎಲೆ ತಾಗಿತು. ದಟ್ಟವಾಗಿ, ಮೆತ್ತಗೆ, ಒಂದೇ ಸಮನಾಗಿ ಬೆಳೆದಿತ್ತು. ಇಷ್ಟು ಒಳ್ಳೆಯ ಸೊಪ್ಪನ್ನು ಹಿಲರಿ ಬೇಲಿಯ ಹೊರಮಗ್ಗುಲಲ್ಲಿ ಬಿಟ್ಟಿದ್ದಾರಲ್ಲ ಎಂದು ಅಚ್ಚರಿಪಡುತ್ತಲೇ ಕತ್ತರಿ ಆಡಿಸಿದೆ. ಗಾಡಿ ತುಂಬಿತು. ಖಾಲಿ ಮಾಡಿ ಬಂದು ಮತ್ತೆ ತುಂಬಿದೆ.

ಗಾಜಿನ ಮನೆಯಲ್ಲಿ ಹೆಂಗಸರು ಸೊಪ್ಪನ್ನು ಮುಟ್ಟಿ ಮುಟ್ಟಿ ಹೊಗಳಿದರು. ಇಂಥದ್ದನ್ನು ಯಾವ ವರ್ಷವೂ ನೋಡಿಲ್ಲ ಎಂದರು. ನಾನು ಒಂದು ಲೋಟ ಚಹಾ ಹಿಡಿದು, ಗೆದ್ದು ಬಂದ ಸೇನಾಪತಿಯ ಹಾಗೆ ತೋಟಕ್ಕೆ ಇಳಿದೆ. ಅಷ್ಟರಲ್ಲಿ ಮಂಜು ಕರಗಿತ್ತು.

ಬ್ರಾಕ್ಸ್‌ಲಿಯ ಜಗಲಿಯ ಕೆಳಗೆ ಯೂ ಗಿಡವನ್ನೇ ಕತ್ತರಿಸಿ ಬೆಳೆಸಿದ ಒಂದು ನವಿಲು ಇದೆ. ಆಳೆತ್ತರದ ನವಿಲು, ನೆಲದವರೆಗೆ ಇಳಿಬಿಟ್ಟ ಬಾಲ. ಹಿಲರಿ ಹುಟ್ಟಿದ ವರ್ಷ ಅವರ ತಂದೆ ಅದನ್ನು ರೂಪಿಸಲು ತೊಡಗಿದ್ದರಂತೆ. ಅವರೂ ಇಲ್ಲೇ ಮಾಲಿಯಾಗಿದ್ದವರು, ಹೋದ ವಸಂತದಲ್ಲಿ ತೀರಿಕೊಂಡರು. ಮುಂದಿನಿಂದ ನೋಡಿದರೆ ನವಿಲು ಎಂದಿನಂತೆ ಕತ್ತೆತ್ತಿ ನಿಂತಿತ್ತು. ಹಿಂದೆ ಒಣಕಲು ಕಡ್ಡಿಗಳು ಮಾತ್ರ ಇದ್ದವು.

ಮಂಜಿನಲ್ಲಿ ನಾನು ಕೊಳವನ್ನು ಪೂರ್ತಿ ಸುತ್ತಿ ಈಚೆಗೇ ಬಂದಿದ್ದೆ; ಕತ್ತರಿಸಿದ್ದು ಬೇಲಿಯನ್ನಲ್ಲ, ಈ ಬಾಲವನ್ನು.

ಆ ಹೊತ್ತಿಗೆ ನನಗೆ ಹೊಳೆದದ್ದು ಒಂದೇ: ಬಾಲವನ್ನು ವಾಪಸು ತಂದು ತಂತಿಯಿಂದ ಕಟ್ಟಿಬಿಡುವುದು. ಆದರೆ ಬಾಲ ಆಗಲೇ ಹಾರಗಳಾಗಿತ್ತು. ಗಾಜಿನ ಮನೆಗೆ ಓಡಿ, ಸೊಪ್ಪಿಗೆ ಯಾವುದೋ ಹುಳ ಹತ್ತಿದೆ, ದಯವಿಟ್ಟು ಎಲ್ಲರೂ ಹಿಂದಕ್ಕೆ ಕೊಡಿ ಎಂದೆ. ಮಾತು ಮುಗಿಯುವಷ್ಟರಲ್ಲಿ ಕುರ್ಚಿಗಳು ಉರುಳಿದವು. ಒಬ್ಬಾಕೆ ಕೋಟು ಕಳಚಿ ಕೊಡವಿದರು. ಇನ್ನೊಬ್ಬಾಕೆ ಮೊಮ್ಮಗಳನ್ನು ಎತ್ತಿಕೊಂಡು ಹೊರಗೆ ನಡೆದರು. ಯಾರೋ ಟಿಕೆಟ್ ಕೌಂಟರಿಗೆ ಸುದ್ದಿ ಮುಟ್ಟಿಸಿದರು. ಗಿಡಕ್ಕೆ ರೋಗವೆಂದರೆ ಅಲ್ಲಿಯವರು ಯಾರನ್ನು ಕರೆಯುತ್ತಾರೆ? ಹಿಲರಿಯನ್ನೇ. ನಾನು ಯಾರಿಗೆ ತಿಳಿಯಬಾರದೆಂದು ಸುಳ್ಳು ಹೇಳಿದೆನೋ, ಆ ಸುಳ್ಳೇ ಅವರನ್ನು ಕೈಹಿಡಿದು ಕರೆತಂದಿತು.

ಹಿಲರಿ ಜೇಬಿನಿಂದ ಭೂತಗನ್ನಡಿ ತೆಗೆದು ಒಂದು ಹಾರವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಹುಳ ಎಲ್ಲಿದೆ, ಮಿಸ್ಟರ್ ಪೆಂಬ್ರಿಜ್?"

"ಇಲ್ಲೇ ನಿಂತಿದೆ. ನಾನೇ ಅದು," ಎಂದೆ. ಮತ್ತೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ.

ಗ್ಲೆನಿಸ್ ಕೈಯಲ್ಲಿದ್ದ ರಿಬ್ಬನ್ನನ್ನು ಮೇಜಿನ ಮೇಲಿಟ್ಟಳು. "ಬಾಲ ಬಿಚ್ಚಬೇಡ, ಬಾಲ ಬಿಚ್ಚಬೇಡ ಅಂತ ಮದುವೆ ಆದಾಗಿನಿಂದ ಹೇಳ್ತಾ ಇದೀನಿ. ಕೊನೆಗೆ ಆ ನವಿಲಿನ ಬಾಲಾನೇ ಬಿಚ್ಚಿಬಿಟ್ಟೆಯಲ್ಲ, ಕ್ಲೈವ್."

ಯಾರೂ ನಗಲಿಲ್ಲ. ಅವಳೂ ನಗಿಸಲು ಹೇಳಿದ್ದಲ್ಲ.

ಹಿಲರಿ ತೋಟಕ್ಕೆ ನಡೆದರು. ನಾವೆಲ್ಲ ಹಿಂದೆ ಹೋದೆವು, ಹಾರಗಳನ್ನು ಕೈಯಲ್ಲಿ ಹಿಡಿದ ಹೆಂಗಸರೂ ಬಂದರು. ನೋಡಿದವರು ಶವಯಾತ್ರೆ ಎಂದುಕೊಂಡಿರಬಹುದು. ಹಿಲರಿ ನವಿಲಿನ ಹಿಂದೆ ಮೊಣಕಾಲೂರಿ ಕೂತು, ಕೈಗವಸು ತೆಗೆದು, ಒಂದೊಂದೇ ಕಡ್ಡಿಯನ್ನು ಬೆರಳಲ್ಲಿ ಸವರಿದರು. ಒಂದು ಕಡೆ ತೊಗಟೆಯೊಳಗೆ ಹಳೆಯ ತಂತಿಯ ಗುರುತು ಇತ್ತು. ಅವರ ತಂದೆ ಕಟ್ಟಿದ್ದಿರಬೇಕು. ಅವರು ಅದರ ಮೇಲೆ ಬೆರಳಿಟ್ಟುಕೊಂಡೇ ಬಹಳ ಹೊತ್ತು ಕೂತರು. ಹಜಾರದ ಕಡೆಯಿಂದ ಮಕ್ಕಳ ಹಾಡು ಕೇಳುತ್ತಿತ್ತು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಒಬ್ಬರು ಅಜ್ಜಿ ಮುಂದೆ ಬಂದು ತಮ್ಮ ಹಾರವನ್ನು ಆ ಬೋಳು ಕಡ್ಡಿಗೆ ತೂಗುಹಾಕಿದರು. ಅದನ್ನು ನೋಡಿ ಇನ್ನಿಬ್ಬರು ಮುಂದೆ ಬಂದರು. ಹಿಲರಿ ಎದ್ದು ಮೊದಲ ಹಾರವನ್ನು ತೆಗೆದು ಅಜ್ಜಿಯ ಕೈಗೇ ಕೊಟ್ಟರು.

"ಬೇಡ. ಕತ್ತರಿಸಿದ್ದು ಮತ್ತೆ ಅಂಟಲ್ಲ. ಮನೆಗೆ ತಗೊಂಡ್ಹೋಗಿ ಬಾಗಿಲಿಗೆ ಹಾಕಿ. ಅಪ್ಪ ಬೆಳೆಸಿದ್ದು, ಒಣಗೋವರೆಗಾದ್ರೂ ನಾಲ್ಕು ಜನ ನೋಡ್ಲಿ."

ಹೆಂಗಸರು ಒಬ್ಬೊಬ್ಬರೇ ತಲೆಬಾಗಿ ಹೊರಟುಹೋದರು. ನಾನು ಎದೆಯ ಮೇಲಿನ ಸ್ವಯಂಸೇವಕನ ಬಿಲ್ಲೆಯನ್ನು ಕಿತ್ತು ಹಿಲರಿಯ ಮುಂದೆ ಚಾಚಿದೆ. ಇನ್ನು ಈ ತೋಟಕ್ಕೆ ಕಾಲಿಡುವುದಿಲ್ಲ ಎಂದೆ. ಅವರು ಬಿಲ್ಲೆಯನ್ನು ತೆಗೆದುಕೊಳ್ಳಲಿಲ್ಲ. ತಮ್ಮ ಕತ್ತರಿಯನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ನನಗೆ ಅರ್ಥವಾಗಲಿಲ್ಲ. ಗ್ಲೆನಿಸ್‌ಗೆ ಆಯಿತು. ಅವಳು ಮುಖ ಆಚೆ ತಿರುಗಿಸಿದಳು.

"ಯೂ ಗಿಡ ಹಳೇ ಕಡ್ಡಿಯಿಂದಾನೂ ಚಿಗುರುತ್ತೆ," ಎಂದರು ಹಿಲರಿ. "ಆದ್ರೆ ಯಾರಾದ್ರೂ ವರ್ಷಾವರ್ಷ ಕಟ್ಟಿ, ಬಗ್ಗಿಸಿ, ಸವರ್ತಾ ಇರ್ಬೇಕು. ಕೆಡಿಸಿದೋರೇ ಮಾಡ್ಲಿ."

"ಬಾಲ ಪೂರ್ತಿ ಬರೋಕೆ ಎಷ್ಟು ಕಾಲ ಬೇಕು?"

"ಚೆನ್ನಾಗಿ ನೋಡ್ಕೊಂಡ್ರೆ ಹನ್ನೆರಡು ವರ್ಷ."

"ನಂಗೀಗ ಎಪ್ಪತ್ತೊಂದು, ಹಿಲರಿ."

ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು, ಗಿಡವನ್ನು ನೋಡಿದ ಹಾಗೆಯೇ.

"ಹಾಗಾದ್ರೆ ಸೋಮವಾರ ಸ್ವಲ್ಪ ಬೇಗ ಬನ್ನಿ."